ಲೇಬಲ್ ನೋಡಿದರು, ಮೂಸಿ ನೋಡಲಿಲ್ಲ

ಸುಳ್ಯ ಪೇಟೆ ದಾಟಿದ ಮೇಲೆ ಹೆದ್ದಾರಿಗೆ ಮುಖ ಮಾಡಿಕೊಂಡು ಒಂದು ತಗಡಿನ ಶೆಡ್ಡು. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಐವತ್ತೆಂಟು ವರ್ಷದ ತ್ಯಾಂಪಣ್ಣ ರೈ ಲುಂಗಿ ಎತ್ತಿ ಕಟ್ಟಿ, ಬಿಳಿ ಕಾರೊಂದರ ಹಿಂದಿನ ಬಾಗಿಲಿನೊಳಗೆ ಅರ್ಧ ಮೈ ತೂರಿಸಿ, ಸೀಟಿನ ಸಂದಿನಲ್ಲಿ ಕೈ ಆಡಿಸುತ್ತಿದ್ದಾರೆ. ಕೈಗೆ ಸಿಕ್ಕಿದ್ದನ್ನು ಒಂದೊಂದಾಗಿ ಹೊರಗೆ ಹಾಕುತ್ತಾರೆ. ಮೆತ್ತಗಾದ ಆಲೂಗಡ್ಡೆ ಚಿಪ್ಸು, ಯಾವುದೋ ಮಾಲಿನ ಬಟ್ಟೆ ಅಂಗಡಿಯ ಚೀಟಿ, ಒಂದು ಬೆಳ್ಳಿ ಬಣ್ಣದ ಕಿವಿಯೋಲೆ. ಓಲೆಯನ್ನು ಮಾತ್ರ ಒರೆಸಿ ಡ್ಯಾಶ್‌ಬೋರ್ಡಿನ ಮೇಲೆ ಇಡುತ್ತಾರೆ. ಕೆಳಗಿನ ಮ್ಯಾಟಿನಲ್ಲಿ ವಾಂತಿ. ಅದನ್ನು ಸೋಪಿನ ಪುಡಿ ಹಾಕಿ, ಮೂಗು ಮುಚ್ಚಿಕೊಳ್ಳದೆ ಉಜ್ಜುತ್ತಾರೆ.

"ನಿನ್ನೆ ಬೆಂಗ್ಳೂರಿಂದ ಬಂದ ಜೋಡಿ. ಪಾಪ, ಆ ಹುಡುಗಿಗೆ ಘಾಟಿಯಲ್ಲಿ ತಡೀಲಿಕ್ಕೆ ಆಗ್ಲಿಲ್ಲ ಕಾಣ್ತದೆ. ನಾನಾದ್ರೆ ಎರಡು ಸಲ ನಿಲ್ಲಿಸ್ತಿದ್ದೆ" ಎನ್ನುತ್ತಾರೆ.

ನಾನಾದ್ರೆ! ಈ ಮಾತು ಅವರ ಬಾಯಲ್ಲಿ ದಿನಕ್ಕೆ ಎಷ್ಟೋ ಸಲ ಬರುತ್ತದೆ. ಬಂದ ಕೂಡಲೇ ನಾಲಗೆ ಕಚ್ಚಿಕೊಳ್ಳುತ್ತಾರೆ. ಕಳೆದ ಬೇಸಗೆಯವರೆಗೆ ಈ ಶೆಡ್ಡಿನ ದೂರದ ಬಾಡಿಗೆಗಳೆಲ್ಲ ಅವರದೇ. ಈಗ ಅವರು ಕಾರು ಓಡಿಸುವುದು ಶೆಡ್ಡಿನಿಂದ ನೀರಿನ ನಳ್ಳಿಯವರೆಗೆ, ನಳ್ಳಿಯಿಂದ ಶೆಡ್ಡಿನವರೆಗೆ. ಮೂವತ್ತು ವರ್ಷ ಸಂಪಾಜೆ ಘಾಟಿ ಹತ್ತಿ ಇಳಿದ ಮನುಷ್ಯನಿಗೆ ಉಳಿದ ರಸ್ತೆ ಇಷ್ಟು.

ರೈ ಎಂದ ಕೂಡಲೇ ಜನ ಗದ್ದೆ ತೋಟ ಎಂದು ಲೆಕ್ಕ ಹಾಕುತ್ತಾರೆ. ಇವರ ಪಾಲಿಗೆ ಬಂದದ್ದು ಹೆಸರು ಮಾತ್ರ. ಕಲ್ಲುಗುಂಡಿಯಲ್ಲಿ ರಸ್ತೆ ಬದಿಯ ಸಣ್ಣ ಮನೆ, ಹೆಂಡತಿ ಸೀತು, ಮದುವೆಯಾಗಿ ಹೋದ ಒಬ್ಬಳು ಮಗಳು. ಮೊದಲು ಲಾರಿ, ಆಮೇಲೆ ಜೀಪು, ಆಮೇಲೆ ಹಳದಿ ಬೋರ್ಡಿನ ಕಾರು. "ರೈಗಳು ಕಾರು ತೊಳೆಯುದಾ?" ಎಂದು ಬಸ್ಸಿನಲ್ಲಿ ಯಾರೋ ಕೇಳಿದರಂತೆ. "ಕಾರು ಯಾರು ತೊಳೆದ್ರೂ ಬೆಳ್ಳಗಾಗ್ತದೆ" ಎಂದರಂತೆ ಇವರು. ಹೇಳುವಾಗ ನಗುತ್ತಾರೆ. ನಗು ಕಣ್ಣಿನವರೆಗೆ ಹೋಗುವುದಿಲ್ಲ.

ವಾರಾಂತ್ಯದ ಬಾಡಿಗೆ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಪುತ್ತೂರಿನಿಂದಲೋ ಕಡಬದಿಂದಲೋ ಹೊಸ ಜೋಡಿ ಹೊರಡುತ್ತದೆ. ಶನಿವಾರ ಬೆಳಗ್ಗೆ ಹೊರಟರೆ ಭಾನುವಾರ ಕತ್ತಲೆಗೆ ವಾಪಸ್. ದಾರಿಯಲ್ಲಿ ವೈನ್ ಮಾಡುವ ದ್ರಾಕ್ಷಿ ತೋಟ, ಸಂಜೆ ಬೆಂಗಳೂರಿನ ತಿಂಡಿ ಬೀದಿ, ಮರುದಿನ ಮಾಲು, ಬಟ್ಟೆ, ಚಪ್ಪಲಿ. ಫೋಟೊಗಳಲ್ಲಿ ಎಲ್ಲ ಇರುತ್ತದೆ, ಡ್ರೈವರ್ ಇರುವುದಿಲ್ಲ. ಜೋಡಿ ಹವಾನಿಯಂತ್ರಿತ ಅಂಗಡಿಯಲ್ಲಿ ಕನ್ನಡಿ ನೋಡಿಕೊಳ್ಳುವಾಗ ಅವನು ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಹೊಗೆ ಕುಡಿಯುತ್ತಾನೆ. ಜೋಡಿಗೆ ಹೋಟೆಲು ರೂಮು, ಅವನಿಗೆ ಮಡಚಿದ ಸೀಟು. ಬೆಳಗ್ಗೆ ಮುಖ ತೊಳೆಯಲು ಪೆಟ್ರೋಲ್ ಬಂಕು.

ದ್ರಾಕ್ಷಿ ತೋಟದ ಸಂಗತಿ ಕೇಳಿದರೆ ಮಾತ್ರ ತ್ಯಾಂಪಣ್ಣನಿಗೆ ಹುರುಪು ಬರುತ್ತದೆ. "ಗ್ಲಾಸಿಗೆ ಇಷ್ಟೇ ಇಷ್ಟು ಹಾಕುದು. ಅದನ್ನು ತಿರುಗಿಸುದು, ಮೂಸುದು, ಬಾಯಿಗೆ ಹಾಕಿ ಉಗುಳುದು! ದುಡ್ಡು ಕೊಟ್ಟು ಉಗುಳುದು ಮಾರಾಯ್ರೆ! ನಾವು ಎಲೆಯಡಿಕೆ ಉಗುಳಿದ್ರೆ ಬೈತಾರೆ." ಅವರು ಆ ತೋಟದ ಗೇಟಿನಾಚೆ ಹೋದದ್ದಿಲ್ಲ. ಪ್ರಾಯದಲ್ಲಿ ಕಳ್ಳು ಕುಡಿದವರೇ, ಮುಚ್ಚಿಡುವುದಿಲ್ಲ. ಜನ ಕೂರಿಸಿಕೊಂಡು ಓಡಿಸಲು ಬ್ಯಾಡ್ಜ್ ಸಿಕ್ಕಿದ ವರ್ಷ ಬಿಟ್ಟದ್ದು, ಮತ್ತೆ ಮುಟ್ಟಲಿಲ್ಲ.

ಅವರ ಹೊಟ್ಟೆಗೆ ಇದ್ದದ್ದು ಬೇರೆ ಮದ್ದು. ಹೋಟೆಲು ಊಟಕ್ಕೆ ಎದೆಯುರಿ. ಅದಕ್ಕೆ ಸೀತು ಒಣಗಿಸಿದ ಪುನರ್ಪುಳಿ, ಅಂದರೆ ಕೋಕಂ ಹಣ್ಣಿನ ಸಿಪ್ಪೆಯನ್ನು ನೀರು ಕಡುಗೆಂಪಾಗುವವರೆಗೆ ಕುದಿಸಿ, ಬೆಲ್ಲ ಉಪ್ಪು ಹಾಕಿ, ಗಾಜಿನ ಕುಪ್ಪಿಯಲ್ಲಿ ತುಂಬಿಸಿ ಕೊಡುತ್ತಿದ್ದರು. ಹುಳಿಯನ್ನು ಪ್ಲಾಸ್ಟಿಕಿನಲ್ಲಿ ಹಾಕುವವರಲ್ಲ ಅವರು. ಘಾಟಿ ಹತ್ತುವ ಬಾಡಿಗೆಗಳೆಲ್ಲ ಕಲ್ಲುಗುಂಡಿಯ ಮೇಲೆಯೇ ಹೋಗಬೇಕು. ಕಾರಿನಲ್ಲಿ ಜನ ಇರುವಾಗ ಮನೆ ಬಂತೆಂದು ನಿಲ್ಲಿಸಬಾರದು, ಅದು ತ್ಯಾಂಪಣ್ಣ ತಾವೇ ಮಾಡಿಕೊಂಡ ನಿಯಮ. ಸೀತು ರಸ್ತೆ ಬದಿಗೆ ಬಂದು ನಿಲ್ಲುತ್ತಿದ್ದರು. ಇವರು ವೇಗ ಇಳಿಸಿ ಕಿಟಕಿಯಿಂದ ಕೈ ಹೊರಗೆ ಹಾಕುತ್ತಿದ್ದರು. ಕುಪ್ಪಿ ಕೈ ಬದಲಾಗುತ್ತಿತ್ತು, ಕಾರು ಮುಂದೆ ಹೋಗುತ್ತಿತ್ತು. ಗಂಡ ಹೆಂಡತಿಯ ವಾರಾಂತ್ಯ ಅಷ್ಟೇ.

ಕಳೆದ ಬೇಸಗೆಯಲ್ಲಿ ಹಿಂದಿನ ಬಾಡಿಗೆಯವರು ಡಿಕ್ಕಿಯಲ್ಲಿ ಒಂದು ಖಾಲಿ ವೈನ್ ಕುಪ್ಪಿ ಬಿಟ್ಟು ಹೋಗಿದ್ದರು. ದಪ್ಪ ಗಾಜು, ಬಿಗಿ ಮುಚ್ಚಳ. ಎಸೆಯಲು ಮನಸ್ಸು ಬಾರದೆ ತ್ಯಾಂಪಣ್ಣ ಮನೆಗೆ ಒಯ್ದರು. ಸೀತು ಬೂದಿ ಹಾಕಿ ತೊಳೆದು ಬಿಸಿಲಿಗೆ ಒಣಗಿಸಿದರು. ಲೇಬಲ್ ಎಷ್ಟು ನೆನೆಸಿದರೂ ಬಿಡಲಿಲ್ಲ. "ಇರ್ಲಿ, ದ್ರಾಕ್ಷಿಗೊಂಚಲಿನ ಚಿತ್ರ ಚಂದ ಉಂಟು" ಎಂದು ಹಾಗೇ ಬಿಟ್ಟು, ಮುಂದಿನ ಬಾಡಿಗೆಗೆ ಅದರಲ್ಲೇ ಪುನರ್ಪುಳಿ ತುಂಬಿಸಿ ಕೊಟ್ಟರು. ಇದರಲ್ಲಿ ಆಶ್ಚರ್ಯ ಪಡುವಂಥದ್ದು ಏನಿದೆ? ನಮ್ಮ ಕಡೆ ಯಾವ ಮನೆಯ ಅಟ್ಟದಲ್ಲಿ ಬ್ರಾಂದಿ ಕುಪ್ಪಿಯೊಳಗೆ ಜೇನು ಇಲ್ಲ? ಯಾವ ಬಾಣಂತಿಯ ಕೋಣೆಯಲ್ಲಿ ರಮ್ಮಿನ ಕುಪ್ಪಿಯೊಳಗೆ ತೆಂಗಿನೆಣ್ಣೆ ಇಲ್ಲ?

ಆ ವಾರದ ಜೋಡಿ ಪ್ರಖ್ಯಾತ್ ಮತ್ತು ಸುಪ್ರಿತಾ. ಪುತ್ತೂರಿನ ಹುಡುಗ, ಕಡಬದ ಹುಡುಗಿ. ಹೋಗುವಾಗ ಚಂದ ಮಾತಾಡಿದ್ದರು. ರಸ್ತೆ ಬದಿಯ ಒಂದು ಮರ ನೋಡಿ "ನಮ್ಮ ಹಿತ್ತಿಲಲ್ಲಿ ಕೂಡ ಉಂಟು ಅಂಕಲ್, ಪುನರ್ಪುಳಿ" ಎಂದು ಸುಪ್ರಿತಾಳೇ ಹೇಳಿದ್ದಳು. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಅವಳಿಗೆ ಅದರ ಬಣ್ಣ ಗೊತ್ತು, ವಾಸನೆ ಗೊತ್ತು.

ದ್ರಾಕ್ಷಿ ತೋಟದಲ್ಲಿ ಅವರು ಕುಪ್ಪಿಗಳನ್ನು ಕೊಂಡು ಡಿಕ್ಕಿಯಲ್ಲಿ ಇಟ್ಟರು. ಅದೇ ತೋಟ, ಸೀತು ತೊಳೆದ ಕುಪ್ಪಿಯ ಮೇಲಿದ್ದ ಅದೇ ಲೇಬಲ್. ಭಾನುವಾರ ವಾಪಸ್ ಬರುವಾಗ, ಮಡಿಕೇರಿ ದಾಟಿ ಘಾಟಿ ಇಳಿಯುವ ಮೊದಲು, ಮಂಜು ಚಂದ ಉಂಟೆಂದು ಜೋಡಿ ಫೋಟೊಕ್ಕೆ ಇಳಿಯಿತು. ತ್ಯಾಂಪಣ್ಣ ಸೀಟಿನಲ್ಲೇ ಕೂತು ಕುಪ್ಪಿ ತೆಗೆದು ಉಳಿದ ಪುನರ್ಪುಳಿಯನ್ನು ಎರಡು ಗುಟುಕು ಕುಡಿದರು. ಎದುರಿನ ಗಾಜಿನಾಚೆಯಿಂದ ಫೋನು ಅವರ ಕಡೆ ತಿರುಗಿದ್ದು ಅವರು ನೋಡಲಿಲ್ಲ.

"ಹತ್ತಿ ಕೂತ ಮೇಲೆ ಒಂದು ಮಾತಿಲ್ಲ. ಸುಸ್ತಾಗಿದೆ ಅಂತ ನಾನು ರೇಡಿಯೋ ಕೂಡ ಬಂದ್ ಮಾಡಿದೆ" ಎನ್ನುತ್ತಾರೆ.

ಇಲ್ಲೇ ಹೊಟ್ಟೆ ಉರಿಯುವುದು. ಡ್ರೈವರ್ ಕುಡಿದಿದ್ದಾನೆಂದು ನಿಜವಾಗಿ ನಂಬಿದ್ದರೆ ಆ ಕಾರಿನಲ್ಲಿ ಸಂಪಾಜೆ ಘಾಟಿ ಇಳಿಯುವ ಧೈರ್ಯ ಯಾರಿಗಿದೆ? ಇಳಿದು ನಿಲ್ಲುತ್ತಿದ್ದರು, ಕೀ ಕಸಿಯುತ್ತಿದ್ದರು, ಬೊಬ್ಬೆ ಹೊಡೆಯುತ್ತಿದ್ದರು. ಅಂಕಲ್, ಅದೆಂತ ಕುಡಿಯುದು ಎಂದು ಕೇಳಲು ಎಷ್ಟು ಹೊತ್ತು ಬೇಕು? ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ವಿಡಿಯೋದ ಕೆಳಗೆ ಹಾಕುವ ಮಾತು ಹೊಂದಿಸಿದರು. 'ವೈನ್ ಕುಡಿದು ಘಾಟಿ ಇಳಿಸುವ ಡ್ರೈವರ್, ನಮ್ಮ ಜೀವಕ್ಕೆ ಯಾರು ಹೊಣೆ?' ಘಾಟಿಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಸಿಕ್ಕಿದ್ದು ಕೆಳಗೆ ಬಂದ ಮೇಲೆ, ಕಲ್ಲುಗುಂಡಿಯಲ್ಲಿ. ರಸ್ತೆ ಬದಿಯಲ್ಲಿ ನಿಂತಿದ್ದ ಸೀತುವಿಗೆ ತ್ಯಾಂಪಣ್ಣ ಕೈ ಎತ್ತಿದರು. ಅದೇ ಹೊತ್ತಿಗೆ ಹಿಂದಿನ ಸೀಟಿನಿಂದ ವಿಡಿಯೋ ಹೊರಟಿತು.

ಪುತ್ತೂರಿನ ಮನೆಯಂಗಳದಲ್ಲಿ ಸಾಮಾನು ಇಳಿಸಿದ್ದು ತ್ಯಾಂಪಣ್ಣನೇ. ಪ್ರಖ್ಯಾತ್ ವೈನ್ ಪೆಟ್ಟಿಗೆ ಬಿಚ್ಚಿ ಒಳಗೆ ನೋಡಿದ. ಒಂದೂ ಕಡಿಮೆಯಿರಲಿಲ್ಲ, ಒಂದರ ಮುಚ್ಚಳವೂ ತೆರೆದಿರಲಿಲ್ಲ. ಹೆಂಡತಿಯ ಮುಖ ನೋಡಿದ. ಅವಳು ಒಳಗೆ ಹೋದಳು. ಆಗಲಾದರೂ ಬಾಯಿ ಬಿಡಬಹುದಿತ್ತು.

ಸುಳ್ಯಕ್ಕೆ ವಾಪಸ್ ಬರುವಾಗ ಮಾಲಕ ಹರಿಪ್ರಸಾದ್ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಫೋನು.

"ತ್ಯಾಂಪಣ್ಣ, ಎಂತ ಇದು?"

ತ್ಯಾಂಪಣ್ಣ ನೋಡಿದರು. ಕುಪ್ಪಿ ತಂದು, ತಳದಲ್ಲಿ ಉಳಿದದ್ದನ್ನು ಮಾಲಕರ ಅಂಗೈಗೆ ಸುರಿದರು. ಹರಿಪ್ರಸಾದ್ ನೆಕ್ಕಿದರು.

"ಪುನರ್ಪುಳಿ."

"ಮತ್ತೆಂತ? ಬೇಕಾದ್ರೆ ಸ್ಟೇಷನ್ನಿಗೆ ಹೋಗುವ. ಊದಿಸಿ ನೋಡ್ಲಿ."

"ನನಗೆ ಗೊತ್ತಾಯ್ತು ಮಾರಾಯ್ರೆ. ಇದನ್ನು ನೋಡಿದ ಊರಿನವರ ಕೈಯನ್ನೆಲ್ಲ ಹಿಡಿದು ನೆಕ್ಕಿಸ್ಲಿಕ್ಕೆ ಆಗ್ತದಾ?"

ಆ ವಾರ ಬುಕ್ ಮಾಡಿದವರು ಒಬ್ಬೊಬ್ಬರಾಗಿ ಬಿಟ್ಟರು. ಹರಿಪ್ರಸಾದ್ ಪ್ರಖ್ಯಾತನಿಗೆ ಫೋನು ಮಾಡಿ ವಿಷಯ ಹೇಳಿದರು. "ಡಿಲೀಟ್ ಮಾಡಿದ್ದೇವಲ್ಲ, ಇನ್ನೆಂತ ಮಾಡ್ಬೇಕು?" ಎಂದನಂತೆ. ಅವನ ಫೋನಿನಿಂದ ಹೋಯಿತು, ಉಳಿದವರ ಫೋನಿನಲ್ಲಿ ಇದೆ. ಈಗಲೂ ಮಳೆಗಾಲದ ಕಪ್ಪೆಯ ಹಾಗೆ ಯಾವುದೋ ಗ್ರೂಪಿನಲ್ಲಿ ಮೇಲೆ ಬರುತ್ತದೆ. ಕೆಳಗೆ ನಗುವ ಮುಖಗಳು. ತಪ್ಪಾಯಿತು ಎಂಬ ಒಂದು ಮಾತನ್ನು ಆ ಜೋಡಿ ಇಂದಿನವರೆಗೆ ಹೇಳಿಲ್ಲ.

"ಸ್ವಲ್ಪ ತಣ್ಣಗಾಗುವವರೆಗೆ ತೊಳೆಯುವ ಕೆಲಸ ನೋಡಿಕೊಳ್ಳಿ" ಎಂದರು ಮಾಲಕರು. ಬೇಸಗೆ ಹೋಗಿ, ಮಳೆ ಬಂದು, ಮಳೆಯೂ ಹೋಯಿತು. ತಣ್ಣಗಾಗಲಿಲ್ಲ.

ಇನ್ನೊಬ್ಬ ಹಳೆ ಡ್ರೈವರ್ ಪೋಕರ್ ಈ ಶೆಡ್ಡಿನಲ್ಲಿ ತ್ಯಾಂಪಣ್ಣನನ್ನು ನಗಿಸಲು ನೋಡುವ ಒಬ್ಬನೇ ಮನುಷ್ಯ. ಬೀಡಿ ಹಚ್ಚಿಕೊಂಡು ಬಂದು ಬಾನೆಟ್ಟಿಗೆ ಒರಗುತ್ತಾನೆ.

"ತ್ಯಾಂಪಣ್ಣ, ನೀನು ಹೆಣದ ಗಾಡಿಗೆ ಸೇರು ಮಾರಾಯ. ಅದರಲ್ಲಿ ಹೋಗುವವರು ವಿಡಿಯೋ ಮಾಡುದಿಲ್ಲ."

"ನಿನ್ನನ್ನು ಮೊದಲ ಬಾಡಿಗೆಗೆ ಬರೆದುಕೊಳ್ತೇನೆ."

"ಬರೆದುಕೋ. ಆದ್ರೆ ನಿಧಾನ ಹೋಗ್ಬೇಕು, ನನಗೆ ತಿರುವಿನಲ್ಲಿ ವಾಂತಿ ಬರ್ತದೆ."

ಇಬ್ಬರೂ ನಗುತ್ತಾರೆ. ಪೋಕರ್ ತನ್ನ ಕಾರಿನ ಕೀ ತಿರುಗಿಸಿ ಹೊರಟ ಮೇಲೆ ತ್ಯಾಂಪಣ್ಣ ಆ ಶಬ್ದ ಹೆದ್ದಾರಿಯಲ್ಲಿ ಕರಗುವವರೆಗೆ ಬಟ್ಟೆ ಹಿಂಡದೆ ನಿಲ್ಲುತ್ತಾರೆ.

ಮನೆಯಲ್ಲಿ ಇದಕ್ಕಿಂತ ಕಷ್ಟ. ವಿಡಿಯೋವನ್ನು ಸೀತುವಿಗೆ ತೋರಿಸಿದ್ದು ಅವರ ತಂಗಿ. ಮರುದಿನ ಸೀತು ಮನೆಯಲ್ಲಿದ್ದ ಗಾಜಿನ ಕುಪ್ಪಿಗಳನ್ನೆಲ್ಲ ಗೋಣಿಯಲ್ಲಿ ತುಂಬಿಸಿ ಗುಜರಿಯವನಿಗೆ ಕೊಟ್ಟರು. ಜೇನಿದ್ದದ್ದನ್ನೂ ಬಿಡಲಿಲ್ಲ, ಜೇನನ್ನು ಪಾತ್ರೆಗೆ ಬಗ್ಗಿಸಿದರು. ಆಮೇಲೆ ರಸ್ತೆ ಬದಿಗೆ ಬರುವುದನ್ನೇ ಬಿಟ್ಟರು. ಹಾಲಿನ ಡಿಪೋಗೂ ಹಿಂದಿನ ಗುಡ್ಡದ ದಾರಿ ಹಿಡಿಯುತ್ತಾರೆ. "ಇವರ ಅನ್ನ ನಾನೇ ತೆಗೆದದ್ದು" ಎಂದು ಪಕ್ಕದ ಮನೆಯವರ ಹತ್ತಿರ ಅತ್ತದ್ದು ತ್ಯಾಂಪಣ್ಣನ ಕಿವಿಗೆ ಬಿದ್ದಿದೆ. ಎದುರಿಗೆ ಅದರ ಮಾತಿಲ್ಲ.

ಈ ತಿಂಗಳ ಕೊನೆಗೆ ಶೆಡ್ಡಿಗೆ ಕಾಯಂ ಹೊಸ ಡ್ರೈವರ್ ಬರುತ್ತಾನೆ. ಅವನು ಬಂದರೆ ತ್ಯಾಂಪಣ್ಣನ ಕಾರು ಹೋಯಿತು ಎಂದೇ ಅರ್ಥ. ಅದಕ್ಕೆ ಮೊದಲು ಒಂದು ದಾರಿ ಉಂಟೆಂದು ಹರಿಪ್ರಸಾದ್ ಹೇಳಿದ್ದಾರೆ. ಕೆಟ್ಟ ಮನುಷ್ಯ ಅಲ್ಲ ಅವರು. ಮೊಬೈಲಿನಲ್ಲಿ ಸುದ್ದಿ ಮಾಡುವ ಪರಿಚಯದ ಹುಡುಗರು ಇದ್ದಾರೆ, ಒಂದು ವಿಡಿಯೋ ಮಾಡುವ ಎಂದರು. ಸೀತಕ್ಕ ಕ್ಯಾಮರಾ ಎದುರು ನಿಂತು, ಅಂಥದೇ ಒಂದು ಕುಪ್ಪಿ ತೋರಿಸಿ, ತಪ್ಪು ನನ್ನದು, ಗೊತ್ತಿಲ್ಲದೆ ಇದರಲ್ಲಿ ತುಂಬಿಸಿದೆ ಎಂದು ಹೇಳಲಿ. ಸ್ವಲ್ಪ ಕಣ್ಣೀರು ಬಂದರೆ ಇನ್ನೂ ಒಳ್ಳೆಯದು. ಜನ ನೋಡುತ್ತಾರೆ, ಹೆಸರು ತೊಳೆದು ಹೋಗುತ್ತದೆ, ಮರುದಿನವೇ ಕೀ ಕೈಗೆ.

ತ್ಯಾಂಪಣ್ಣ ಬೇಡ ಎಂದರು. ಮನೆಯಲ್ಲಿ ಹೇಳಲೂ ಇಲ್ಲ.

"ಅವಳನ್ನು ನಿಲ್ಲಿಸಿ ಅಳಿಸಿ, ನಾನು ಸ್ಟೇರಿಂಗ್ ಹಿಡಿಯುದಾ?" ಅವರು ಕೇಳುವುದು ಇಷ್ಟೇ. ಇದಕ್ಕೆ ಉತ್ತರ ಇರುವವರು ಹೇಳಲಿ.

ಈ ಬರಹಕ್ಕೂ ಅವರು ಸುಲಭಕ್ಕೆ ಒಪ್ಪಲಿಲ್ಲ. ಫೋಟೊ ಕೂಡದು. ಮತ್ತೆ ಇನ್ನೊಂದು ಷರತ್ತು. ಕಲ್ಲುಗುಂಡಿಯ ಮನೆಯ ಜಗಲಿಯಲ್ಲಿ ಕೂತು, ಒಳಗೆ ಕೇಳಬಾರದೆಂದು ದನಿ ತಗ್ಗಿಸಿ ಹೇಳಿದರು: "ಕುಪ್ಪಿ ನಾನೇ ತೊಳೆದು, ನಾನೇ ತುಂಬಿಸಿದ್ದು ಅಂತ ಬರೀರಿ. ಅವಳ ಹೆಸರು ಎಲ್ಲಿಯೂ ಬರುದು ಬೇಡ. ಮಾಲಕರ ವಿಡಿಯೋಕ್ಕೂ ಬೇಡ ಅಂದಿದ್ದೇನೆ."

ಒಳಗೆ ಕೇಳಿತು. ಸೀತು ಹೊರಗೆ ಬಂದರು. ಸಣ್ಣ ದೇಹ, ನೆರೆತ ಕೂದಲು, ಕೈಯಲ್ಲಿ ಅರ್ಧ ಹೆಚ್ಚಿದ ಬೆಂಡೆಕಾಯಿ.

"ಯಾವ ವಿಡಿಯೋ?"

ತ್ಯಾಂಪಣ್ಣ ಹೇಳಬೇಕಾಯಿತು. ಸೀತು ನಿಂತಲ್ಲೇ ಎಲ್ಲ ಕೇಳಿದರು. ಅಳಲಿಲ್ಲ. ಮುಖ ಮಾತ್ರ ಕೆಂಪಾಯಿತು.

"ಇಷ್ಟು ದಿನ ತಪ್ಪು ನನ್ನದು ಅಂತ ನಾನೇ ಸಾಯ್ತಾ ಇದ್ದೆ. ಈಗ ಅದನ್ನು ಊರೆದುರು ಹೇಳ್ಬೇಕಾ? ತಪ್ಪೆಂತ ಉಂಟು ಅದರಲ್ಲಿ? ತೊಳೆದ ಕುಪ್ಪಿ, ಗಂಡನ ಹೊಟ್ಟೆಗೆ ಒಳ್ಳೆದಾಗ್ಲಿ ಅಂತ ಕುದಿಸಿದ ಪುನರ್ಪುಳಿ. ಕೇಳದೆ ಹಬ್ಬಿಸಿದವರು ಮನೆಯಲ್ಲಿ ಸುಖದಲ್ಲಿದ್ದಾರೆ, ನಾನು ಕ್ಷಮೆ ಕೇಳುದಾ?"

"ಕೀ ಸಿಗುದಿಲ್ಲ ಮತ್ತೆ" ಎಂದರು ತ್ಯಾಂಪಣ್ಣ, ನೆಲ ನೋಡುತ್ತ.

"ಸಿಗುದು ಬೇಡ."

ಎದುರಿನ ರಸ್ತೆಯಲ್ಲಿ ಹಳದಿ ಬೋರ್ಡಿನ ಕಾರೊಂದು ಘಾಟಿ ಕಡೆಗೆ ಹೋಯಿತು. ತ್ಯಾಂಪಣ್ಣ ತಲೆ ಎತ್ತಲಿಲ್ಲ. ಸೀತು ಬರೆಯುವವರ ಕಡೆ ತಿರುಗಿದರು.

"ಇವರ ಮಾತು ಬಿಡಿ. ತುಂಬಿಸಿದ್ದು ನಾನು. ಸೀತು ಅಂತ ಹೆಸರು ಹಾಕಿಯೇ ಬರೀರಿ."