ಹೊರಸಿಗೆ ಕಟ್ಟಿದ ಕೌದಿ

ನನ್ನ ದೊಡ್ಡವ್ವನಿಗೆ ಲಕ್ವಾ ಹೊಡೆದಾಗ ಬಲಗಡೆಯ ಕೈಕಾಲು ಬಿದ್ದುಹೋದವು, ಮಾತು ನಿಂತಿತು. ಉಳಿದದ್ದು ಎಡಗೈ ಒಂದು. ನಾನು ಕೂಸಿದ್ದಾಗಲೇ ನನ್ನ ಹೆತ್ತವ್ವ ತೀರಿಕೊಂಡಿದ್ದಳು. ಅವಳ ಅಕ್ಕನಾದ ಈ ದೊಡ್ಡವ್ವನೇ ನನ್ನನ್ನು ಸಾಕಿ, ಮ್ಯಾಟ್ರಿಕ್‌ವರೆಗೆ ಓದಿಸಿದಳು. ಅವಳನ್ನು ನೋಡಿಕೊಳ್ಳಬೇಕಾದವನು ನಾನೇ.

ಅದು ಯುದ್ಧದ ಕಾಲ. ನಾನು ಹುಬ್ಬಳ್ಳಿಯ ಒಂದು ಅರಳೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಹೆಂಡತಿಯ ತೊಡೆಯ ಮೇಲೆ ಎದೆಗೂಸು. ದೊಡ್ಡವ್ವನನ್ನು ಎತ್ತಿ ಹೊರಳಿಸಲು, ಮೈ ತೊಳೆಯಲು ಇನ್ನೊಂದು ಗಟ್ಟಿ ಕೈ ಬೇಕಿತ್ತು. ನಮ್ಮ ಓಣಿಯಲ್ಲಿ ಮನೆಗೆ ಬಂದು ಹೆಂಗಸರ ಆರೈಕೆ ಮಾಡುವವರೆಂದರೆ ಬಾಣಂತನ ಮಾಡುವವರು ಮಾತ್ರ. ನನ್ನ ಹೆಂಡತಿಯ ಬಾಣಂತನ ಮಾಡಿದ ಉಪ್ಪಿನಬೆಟಗೇರಿಯ ಹೆಣ್ಣುಮಗಳನ್ನೇ ಮತ್ತೆ ಕರೆಸಿದೆ.

ಅವಳು ದೊಡ್ಡವ್ವನ ಬಲಗಾಲನ್ನು ಹಿಚುಕಿ ನೋಡಿದಳು.

“ಮೈ ತಣ್ಣಗ ಆಗೇದ್ರಿ ಅಣ್ಣಾರ. ಕಾವು ಹತ್ತಿದ್ರ ರಗತ ಓಡ್ತದ.”

“ಎದ್ದು ಕೂಡ್ತಾಳೇನು?”

“ಹಸಿ ಬಾಣಂತೇರ್ನ ಎಬ್ಬಿಸಿ ನೀರಿಗೆ ಕಳಿಸೇನಿ. ಇವರ್ನ ಹಂಗ ಬಿಡ್ತೇನೇನ್ರಿ?”

ಬಾಣಂತಿಗೆ ಏನು ಮಾಡುತ್ತಿದ್ದಳೋ ಅದನ್ನೇ ದೊಡ್ಡವ್ವನಿಗೂ ಮಾಡಿದಳು. ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ತಲೆಗೆ ಅರಿವೆ ಬಿಗಿದು, ನುಲಿಯ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು ಅಜವಾನದ ಹೊಗೆ ಹಾಕಿದಳು. ಕಾವು ಹೆಚ್ಚಾದರೆ ಬಾಣಂತಿ ಚೀರುತ್ತಾಳೆ, ಮಗ್ಗಲಾಗುತ್ತಾಳೆ. ದೊಡ್ಡವ್ವನಿಂದ ಎರಡೂ ಆಗದು. ಅಷ್ಟು ಮಾತು ಆ ಹೆಣ್ಣುಮಗಳಿಗೆ ಹೊಳೆಯಲಿಲ್ಲ, ಓದಿದವನಾದ ನನಗೂ ಹೊಳೆಯಲಿಲ್ಲ.

ಕೆಲವು ದಿನ ಕಳೆದ ಮೇಲೆ ಅವಳು ಕೇಳಿದಳು: “ಬಿದ್ದ ಕಾಲಿಗೆ ಕಾವು ಮುಟ್ಟವಲ್ದು. ಅಗ್ಗಿಷ್ಟಿಗಿ ಕೆಳಗ ಒಂದು ಇಟ್ಟಂಗಿ ಇಡಲೇನ್ರಿ?”

ಹಿತ್ತಲಿನಿಂದ ಇಟ್ಟಿಗೆ ತಂದುಕೊಟ್ಟವನು ನಾನು. ಕೆಂಡ ಹೊರಸಿಗೆ ಇನ್ನಷ್ಟು ಹತ್ತಿರವಾಯಿತು.

ಅಂದಿನಿಂದ ದೊಡ್ಡವ್ವ ಬಡಿಯತೊಡಗಿದಳು. ಎಡಗೈಯ ಬೆರಳಗೆಣ್ಣುಗಳಿಂದ ಹೊರಸಿನ ಅಂಚಿನ ಕಟ್ಟಿಗೆಗೆ ಟಕ್ ಟಕ್ ಎಂದು ಬಡಿಯುವಳು. ಹೋಗಿ ನೋಡಿದರೆ ಕಣ್ಣು ಅಗಲಿಸಿ ಕೈಯನ್ನು ಕೆಳಗೆ ತೋರಿಸುವಳು. ಉಚ್ಚೆಯ ಪಾತ್ರೆ ಬೇಕೇನೋ ಎಂದು ತಂದರೆ ತಳ್ಳುವಳು. ನೀರು ಕೊಟ್ಟರೆ ಬಾಯಿ ಬಿಗಿಯುವಳು.

“ಹಠಾ ಮಾಡ್ತಾರ್ರಿ,” ಎಂದಳು ಬಾಣಂತನದವಳು. “ಜಡ್ಡಿನ ಮಂದಿ ಕೂಸಿನಂಗ.”

ನನ್ನ ಹೆಂಡತಿ ಕೂಸನ್ನು ತಟ್ಟುತ್ತಾ ಮೆಲ್ಲಗೆ ಅಂದಳು: “ಕೆಂಡಾ ಇಟ್ಟಾಗ ಅಷ್ಟ ಬಡೀತಾರ ನೋಡ್ರಿ.”

“ಹಂಗಂದ್ರ ಜೀವ ಬರಾಕತ್ತೇತಿ ಅಂತ ಅರ್ಥ,” ಎಂದೆ.

ಅದಕ್ಕೆ ನನ್ನಲ್ಲಿ ಸಾಕ್ಷಿಯೂ ಇತ್ತು. ಬಲ ಸೊಂಟದ ಕೆಳಗೆ ಚರ್ಮ ಕೆಂಪಾಗಿತ್ತು. ಬಾಣಂತನದವಳು ನನ್ನನ್ನು ಕರೆದು ತೋರಿಸಿದಳು: “ನೋಡ್ರಿ, ರಗತ ಬಂತು!” ಆ ಸಂಜೆ ಅವಳಿಗೆ ಕುಪ್ಪಸದ ಕಣ ತಂದುಕೊಟ್ಟೆ.

ಬಡಿತ ಮಾತ್ರ ನಿಲ್ಲಲಿಲ್ಲ. ಪಕ್ಕದ ಮನೆಯಲ್ಲಿ ಗಡಿಯಾರ ರಿಪೇರಿ ಮಾಡುವ ಕಾಕಾ ಇದ್ದರು. ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಗೋಡೆ. ಒಂದು ದಿನ ಕಟ್ಟೆಯ ಮೇಲೆ ನಾಲ್ಕು ಜನರೆದುರು ನಕ್ಕರು: “ಏನಪಾ ತಮ್ಮಾ, ಮನ್ಯಾಗ ಡೊಳ್ಳಿನ ಸಾಲಿ ತೆಗದೀ ಏನು? ನನ್ನ ಗಡಿಯಾರ ಎಲ್ಲಾ ನಿಮ್ಮ ದೊಡ್ಡವ್ವನ ತಾಳಕ್ಕ ಓಡಾಕತ್ತಾವು.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೊಳಗೆ ಸುಟ್ಟಂತಾಯಿತು. ಸಾಕಿದವಳನ್ನು ಇವನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಓಣಿ ಮಾತಾಡುತ್ತಿದೆ ಎನಿಸಿತು. ಮನೆಗೆ ಬಂದವನೇ ಒಂದು ಹಳೆಯ ಕೌದಿಯನ್ನು ಮಡಿಚಿ, ಎಡಗಡೆಯ ಕಟ್ಟಿಗೆಯ ಉದ್ದಕ್ಕೂ ಸುತ್ತಿ ಹಗ್ಗ ಬಿಗಿದೆ. ಆ ಕೌದಿಯನ್ನು ಹೊಲಿದವಳು ದೊಡ್ಡವ್ವನೇ. ಅವಳು ನನ್ನ ಕೈಗಳನ್ನು ನೋಡುತ್ತಿದ್ದಳು.

“ಬೆರಳು ನೋಯ್ತಾವ, ದೊಡ್ಡವ್ವ. ಅದಕ್ಕ ಕಟ್ಟೇನಿ,” ಎಂದೆ.

ಆಮೇಲೆ ಮನೆ ಶಾಂತವಾಯಿತು. ಅವಳ ಕೈ ಕೌದಿಯ ಮೇಲೆ ಏಳುತ್ತಿತ್ತು, ಬೀಳುತ್ತಿತ್ತು, ಸದ್ದಿರಲಿಲ್ಲ. ಬರಬರುತ್ತಾ ಏಳುವುದೂ ಕಡಿಮೆಯಾಯಿತು. ಆರಾಮ ಬಿದ್ದಿದೆ ಎಂದುಕೊಂಡೆವು. ಕಾವು ತಪ್ಪಬಾರದೆಂದು ಬಾಣಂತನದವಳು ಈಗ ಅವಳನ್ನು ಹೊರಳಿಸದೆ, ಮಲಗಿದಲ್ಲೇ ಮೈ ಒರೆಸುತ್ತಿದ್ದಳು. ಅಜವಾನದ ಹೊಗೆಯ ಅಡಿಯಲ್ಲಿ ಬೇರೊಂದು ವಾಸನೆ ಇತ್ತು. ಕೂಸಿನ ಅರಿವೆಗಳದ್ದೆಂದು ನಾನು ಕಿಟಕಿ ತೆರೆದಿಟ್ಟೆ.

ಒಂದು ದಿನ ಬಾಣಂತನದವಳು ಊರಿಗೆ ಹೋಗಿದ್ದಾಗ ನನ್ನ ಹೆಂಡತಿಯೇ ಸೀರೆ ಬದಲಿಸಲು ದೊಡ್ಡವ್ವನನ್ನು ಹೊರಳಿಸಿ, ಕೂಗಿಕೊಂಡಳು. ಓಡಿಹೋಗಿ ನೋಡಿದೆ. ಕೆಂಪಾಗಿದ್ದ ಜಾಗ ಕಪ್ಪಗಾಗಿತ್ತು. ಅದರ ನಡುವೆ ಹುಣ್ಣು ಬಾಯಿ ಬಿಟ್ಟಿತ್ತು. ಸೀರೆ ಅಲ್ಲಿ ಅಂಟಿಕೊಂಡು ಬರಲೊಲ್ಲದು.

ಡಾಕ್ಟರು ಬಂದು ನೋಡಿ, ಹುಣ್ಣು ತೊಳೆದು ಪಟ್ಟಿ ಕಟ್ಟಿದರು. “ಇಷ್ಟು ದಿನಾ ಬೇಯಾಕತ್ತಾರ. ಯಾರಿಗೂ ತಿಳಿಸಲಿಲ್ಲೇನು?” ಎಂದು ಕೇಳಿದರು.

“ಮಾತು ಹೋಗೇದ್ರಿ,” ಎಂದೆ.

ಊರಿನಿಂದ ಮರಳಿದ ಬಾಣಂತನದವಳನ್ನು ಬಾಗಿಲಲ್ಲೇ ನಿಲ್ಲಿಸಿದೆ. ಓಣಿಯೆಲ್ಲ ಕೂಡಿತು. “ಈಕಿ ನಮ್ಮ ದೊಡ್ಡವ್ವನ್ನ ಸುಟ್ಟಾಳ,” ಎಂದು ಕೂಗಿದೆ. ಅವಳು ಅಳುತ್ತಾ, “ನನಗ ಇದ ಗೊತ್ರಿ ಅಣ್ಣಾರ, ಮತ್ತೇನೂ ಗೊತ್ತಿಲ್ಲ,” ಎಂದಳು. ಇಟ್ಟಂಗಿ ತಂದವರು ಯಾರು, ಕೌದಿ ಕಟ್ಟಿದವರು ಯಾರು ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಒಳಗೆ ನಿಂತಿದ್ದ ನನ್ನ ಹೆಂಡತಿಯೂ ಹೇಳಲಿಲ್ಲ. ಮತ್ತೆ ಯಾವ ಮನೆಯವರೂ ಆ ಹೆಣ್ಣುಮಗಳನ್ನು ಬಾಣಂತನಕ್ಕೆ ಕರೆಯಲಿಲ್ಲ.

ದೊಡ್ಡವ್ವ ಯುಗಾದಿಯವರೆಗೆ ಬದುಕಿದಳು. ಗಾಯ ಮಾಯಲಿಲ್ಲ. ನಾನು ಕೌದಿ ಬಿಚ್ಚಿ ತೆಗೆದು, “ಏನ ಬೇಕಾದ್ರೂ ಬಡಿ ದೊಡ್ಡವ್ವ, ಓಡಿ ಬರ್ತೇನಿ,” ಎಂದಿದ್ದೆ. ಅವಳು ಬಡಿಯಲಿಲ್ಲ. ಬಾಯಾರಿ ತುಟಿ ಒಡೆದರೂ ಬಡಿಯಲಿಲ್ಲ. ಬಾಗಿಲಲ್ಲಿ ನನ್ನ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ಎಡಗೈಯನ್ನು ಕಟ್ಟಿಗೆಯ ಮೇಲಿಂದ ಎತ್ತಿ ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದಳು.