ಘಣಸೋಲಿಯಿಂದ ಅಗೆದು ತಂದ ಕೆಸು

ಪ್ರತಿ ವರ್ಷ ಮಳೆಗಾಲದ ಆಟಿ ತಿಂಗಳ ಊಟದಲ್ಲಿ ನೀವೆಲ್ಲ ಹೊಗಳಿ, ಮತ್ತೊಮ್ಮೆ ಬಡಿಸಿಕೊಂಡು ತಿಂದ ನನ್ನ ಪತ್ರೊಡೆಯ ಕೆಸು ನನ್ನದಲ್ಲ. ಅದು ಕದ್ದದ್ದು. ಘಣಸೋಲಿಯ ವನಜಕ್ಕ ನಂಬಿ ಕೊಟ್ಟ ಬೀಗದ ಕೈ ನನ್ನ ಸೊಂಟದಲ್ಲಿರುವಾಗ, ಅವರದೇ ಹಿತ್ತಲಿನಿಂದ ನಾನು ಅಗೆದು ತಂದದ್ದು.

ನಮ್ಮ ಬೊಂಬಾಯಿ ಸಂಘದ ಸಂಚಿಕೆಗೆ ಪತ್ರೊಡೆ ಮಾಡುವ ಕ್ರಮ ಬರೆದುಕೊಡಿ ಎಂದಿರಿ. ಬರೆಯಲು ಕುಳಿತೆ. ಅಕ್ಕಿ, ಹುಣಸೆ, ಮೆಣಸು ಎಲ್ಲ ಸಲೀಸಾಗಿ ಬಂತು. ಎಲೆ ಎಲ್ಲಿಯದು ಎನ್ನುವಲ್ಲಿ — ಪೆನ್ನು ಮುಂದೆ ಹೋಗಲಿಲ್ಲ.

ನಾನು ಹೆಮ್ಮೆಯ ಹೆಂಗಸು. ಭಿವಂಡಿಯ ಹೋಟೆಲಿನಲ್ಲಿ ಗಂಡ ಕೆಲಸ ಕಳೆದುಕೊಂಡಾಗಲೂ ಡೊಂಬಿವಲಿಯ ಒಬ್ಬರ ಬಾಗಿಲಿಗೂ ಹೋಗಿ ಸಕ್ಕರೆ ಕೇಳಿದವಳಲ್ಲ. ಕೊಟ್ಟು ಗೊತ್ತು, ಕೇಳಿ ಗೊತ್ತಿಲ್ಲ — ಇದನ್ನೇ ದೊಡ್ಡ ಗುಣವೆಂದು ತಿಳಿದಿದ್ದೆ. ಆ ಗುಣವೇ ನನ್ನನ್ನು ಕಳ್ಳಿಯನ್ನಾಗಿ ಮಾಡಿತು ಎಂದರೆ ನೆಪ ಹೇಳಿದಂತಾಗುತ್ತದೆ. ಕದ್ದದ್ದು ಗುಣವಲ್ಲ, ನಾನು.

ವನಜಕ್ಕನ ಕೆಸು ನಿಮಗೆ ಗೊತ್ತು. ಕರಿ ದಂಟು, ಅಗಲ ಎಲೆ, ಹುಳಿ ಕಡಿಮೆ ಹಾಕಿದರೂ ಗಂಟಲು ತುರಿಸುವುದಿಲ್ಲ. ಘಣಸೋಲಿ ಗಾಂವ್‌ನ ಅವರ ಮನೆಯ ಹಿಂದೆ ಒಂದು ಮಂಚದಷ್ಟು ಮಣ್ಣಿತ್ತು. ಅದು ಪೂರ್ತಿ ಕೆಸುವೇ. ನಮ್ಮ ಸಂಘದಲ್ಲಿ ಆಗ ಪತ್ರೊಡೆ ಎಂದರೆ ವನಜಕ್ಕ. ನನ್ನದನ್ನೂ ಜನ ತಿನ್ನುತ್ತಿದ್ದರು, ಆದರೆ ನೀರು ಕೇಳುತ್ತಿದ್ದರು.

ಒಂದು ಬೇಸಿಗೆಯ ಕೊನೆಯಲ್ಲಿ ಅವರು ತಂಗಿಯ ಮಗನ ಮದುವೆಗೆ ಊರಿಗೆ ಹೋದರು. ತುಳಸಿಗೆ ನೀರು ಹಾಕಲು ನನ್ನ ಕೈಗೆ ಬೀಗದ ಕೈ ಕೊಟ್ಟರು. ಮೊದಲ ಮಳೆ ಬಿದ್ದ ಮರುದಿನ ಮಧ್ಯಾಹ್ನ ಹೋದೆ. ಹಿತ್ತಲಿನ ಒಂದು ಮೂಲೆಯಲ್ಲಿ ಹೆಗ್ಗಣ ಬಿಲ ತೋಡಿತ್ತು. ಒಂದೆರಡು ಗಡ್ಡೆ ಅರ್ಧ ಕಡಿದು ಬಿದ್ದಿದ್ದವು. ಹೇಗೂ ಹೆಗ್ಗಣದ ಪಾಲು, ಒಂದು ನಾನು ತೆಗೆದರೆ... ಮೂಲೆಯಲ್ಲಿದ್ದ ಮೋಟು ಕತ್ತಿ ಎತ್ತಿಕೊಂಡೆ.

ಒಂದಕ್ಕೆ ನಿಲ್ಲಲಿಲ್ಲ. ಅವರಲ್ಲೂ ಇದ್ದು ನನ್ನಲ್ಲೂ ಇದ್ದರೆ ನನ್ನದಕ್ಕೆ ಏನು ಹೆಸರು ಬಂದೀತು — ಆ ಯೋಚನೆ ಬಂದದ್ದು ನಿಜ. ಬುಡಕ್ಕೆ ಪೆಟ್ಟಾಗದಂತೆ ಸುತ್ತ ಮಣ್ಣು ಬಿಡಿಸಿ, ಮರಿಗಡ್ಡೆಗಳ ಸಮೇತ ಎಲ್ಲವನ್ನೂ ಎತ್ತಿದೆ. ಆಮೇಲೆ ನೋಡಿದರೆ ಅದು ಮನುಷ್ಯರು ಅಗೆದ ಹಾಗೆಯೇ ಕಂಡಿತು. ನಾಯಿ ಸೆಕೆಗೆ ತಂಪು ಹುಡುಕಿ ಅಗೆಯುತ್ತದೆ, ಅಗೆದಲ್ಲೇ ಮಲಗುತ್ತದೆ. ಹಂದಿ ಮೂತಿಯಿಂದ ಉತ್ತು ಹೋಗುತ್ತದೆ. ಹೆಗ್ಗಣ ಬೇಕಾದಷ್ಟು ಕಡಿದು, ಮಣ್ಣನ್ನು ಬಿಲದ ಬಾಯಲ್ಲಿ ಗುಪ್ಪೆ ಹಾಕುತ್ತದೆ. ಹಳ್ಳಿಯಲ್ಲಿ ಬೆಳೆದವಳಿಗೆ ಇದೆಲ್ಲ ಗೊತ್ತು. ಗೊತ್ತಿದ್ದದ್ದನ್ನು ಬಳಸಿದೆ — ಅಲ್ಲಲ್ಲಿ ಮಣ್ಣಿನ ಗುಪ್ಪೆ ಮಾಡಿದೆ, ಕಡಿದ ತುಂಡುಗಳನ್ನು ಮೇಲೆ ಕಾಣುವಂತೆ ಇಟ್ಟೆ.

ವನಜಕ್ಕ ವಾಪಸು ಬಂದಾಗ ನಾನೇ ಹೇಳಿದೆ: "ಹೆಗ್ಗಣ ಪೂರಾ ತಿಂದು ಹಾಕಿದೆ ವನಜಕ್ಕ. ನಾನು ಬರುವಾಗ ಏನೂ ಉಳಿದಿರಲಿಲ್ಲ."

ಅವರು ಅಳಲಿಲ್ಲ. ಅವರ ಗಂಡನಿಗೆ ಹೆಗ್ಗಣವೆಂದರೆ ಆಗದು. ಅದೇ ವಾರ ಗಂಡ ಗಾರೆ ಕೆಲಸದ ಗವಂಡಿಯನ್ನು ಕರೆಸಿ, "ಪೀಛೆ ಪೂರಾ ಕೋಬಾ ಡಾಲ್ ದೋ" ಎಂದರು. ಆ ಮಂಚದಷ್ಟು ಮಣ್ಣಿನ ಮೇಲೆ ಸಿಮೆಂಟಿನ ಕೋಬಾ ಬಿತ್ತು. ಅಲ್ಲಿ ಈಗ ವಾಷಿಂಗ್ ಮಷೀನ್ ಇದೆ.

ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಹಿಂದೆ ಟಾಂಕಿಯ ನೀರು ತುಂಬಿ ಚೆಲ್ಲುವ ಜಾಗದಲ್ಲಿ ಆ ಗಡ್ಡೆ ನೆಟ್ಟೆ. ಆ ಆಟಿಗೇ ಎಲೆ ಬಂತು. ವನಜಕ್ಕ ಊಟಕ್ಕೆ ಬಂದಿದ್ದರು. ಒಂದು ತುಂಡು ಬಾಯಿಗೆ ಹಾಕಿ, "ನಮ್ಮ ಕೆಸುವಿನ ಹಾಗೇ ಉಂಟು ಸುಮತಿ, ಎಲ್ಲಿಂದ ತಂದದ್ದು?" ಎಂದರು. "ಕಲ್ಯಾಣ ಮಾರ್ಕೆಟ್‌ನಿಂದ" ಎಂದೆ. ಪಾಪ, ಮುಂದಿನ ಭಾನುವಾರ ಮಳೆಯಲ್ಲಿ ಕಲ್ಯಾಣಕ್ಕೆ ಹೋಗಿ ತರಕಾರಿ ಮಾರುವ ಒಬ್ಬೊಬ್ಬ ಭಾಜಿವಾಲಿಯನ್ನೂ ಕೇಳುತ್ತ ಅಲೆದರಂತೆ. ಅದನ್ನು ಅವರೇ ಫೋನಿನಲ್ಲಿ ನನಗೆ ಹೇಳಿದರು. ನಾನು — ಹೂಂ ಎಂದೆ.

ಆ ಗಿಡಗಳನ್ನು ಸಾಕಿದ ಬಗ್ಗೆ ನನಗೆ ಈಗಲೂ ಹೆಮ್ಮೆ, ಅದನ್ನೂ ಮುಚ್ಚಿಡಲಾರೆ. ಒಂದು ಗಡ್ಡೆಯನ್ನೂ ಕೊಳೆಯಗೊಡಲಿಲ್ಲ. ನೂರಾರು ಜನ ಉಂಡು ಹೊಗಳಿದಾಗ ತಲೆ ಎತ್ತಿ ನಿಂತೆ.

ಹೋದ ವಾರ ಗಡ್ಡೆಗಳನ್ನು ಚೀಲಕ್ಕೆ ತುಂಬಿ, ಥಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಘಣಸೋಲಿಗೆ ಹೋದೆ.

"ವನಜಕ್ಕ, ಅವತ್ತು ಅಗೆದದ್ದು ಹೆಗ್ಗಣ ಅಲ್ಲ. ನಾನು."

ತಮಾಷೆ ಎಂದುಕೊಂಡು ನಕ್ಕರು. ಚೀಲ ಬಿಚ್ಚಿದೆ. ಒಂದು ಗಡ್ಡೆ ತೆಗೆದು, ಉಗುರಿನಿಂದ ಸಿಪ್ಪೆ ಕೆರೆದು ನೋಡಿದರು.

"ಹೆಗ್ಗಣವಾದ್ರೆ ಹಸಿವಾಗಿ ಅಗೆಯುವುದು," ಎಂದರು. "ನಿನಗೆ ಎಂತ ಹಸಿವಾದದ್ದು ಮಾರಾಯ್ತಿ?"

ನಾನು ಚೀಲದ ಬಾಯಿಯನ್ನು ಇನ್ನಷ್ಟು ಅಗಲಿಸಿದೆ.

"ಒಂದು ಮಾತು ಕೇಳಿದ್ರೆ ಚೀಲ ತುಂಬ ಕೊಡ್ತಿದ್ದೆ. ಮದುವೆಯಾಗಿ ಬೊಂಬಾಯಿಗೆ ಹೊರಡುವಾಗ ಚಿನ್ನ ಹಾಕ್ಲಿಕ್ಕೆ ಅಮ್ಮನ ಹತ್ರ ಏನೂ ಇರಲಿಲ್ಲ. ಈ ಗಡ್ಡೆಯನ್ನು ಸೀರೆಯ ಮಡಿಕೆಯಲ್ಲಿಟ್ಟು ಕೊಟ್ರು."

ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಕದಿಯುತ್ತಿರಲಿಲ್ಲ ಎಂದು ಬರೆಯಲು — ಧೈರ್ಯವಿಲ್ಲ.

ಗಡ್ಡೆಯನ್ನು ಚೀಲಕ್ಕೇ ಹಾಕಿದರು. "ವಾಪಸು ತಕೊಂಡು ಹೋಗು. ಇಲ್ಲಿ ಎಲ್ಲಿ ನೆಡುವುದು, ಕೋಬಾದ ಮೇಲಾ?"

ಸಂಚಿಕೆಯಲ್ಲಿ ಎಲ್ಲ ಬರೆಯುತ್ತೇನೆ ಎಂದೆ. ಚಹಾ ಕೊಡಲಿಲ್ಲ, ಕೂತುಕೋ ಎನ್ನಲಿಲ್ಲ. ಬಾಗಿಲ ತನಕ ಬಂದು ಒಂದೇ ಮಾತು ಹೇಳಿದರು: "ಬರಿ. ನನ್ನ ಅಮ್ಮನ ಹೆಸರು ಸರಿಯಾಗಿ ಬರಿ."

ಬರೆಯುತ್ತಿದ್ದೇನೆ. ಈ ಸಲದ ಆಟಿಗೂ ಎಲೆ ನಾನೇ ತರುತ್ತೇನೆ. ಗಡ್ಡೆ ಬೇಕಾದವರು ಡೊಂಬಿವಲಿಗೆ ಬನ್ನಿ, ಅಗೆದು ಕೊಡುತ್ತೇನೆ. ಯಾರ ಕೆಸು ಎಂದು ಯಾರಾದರೂ ಕೇಳಿದರೆ ಹೇಳಿ — ಕಾಪುವಿನ ಕಡೆಯ ಲಚ್ಚಿ ಪೂಜಾರ್ತಿಯವರದು.