ಕಂಬದಿಂದ ಬಿದ್ದವನ ಅರ್ಧ ಕೂಲಿ

ಕೇಳಿ ಗೆಳೆಯರೇ, ಇವತ್ತು ಮಧ್ಯಾಹ್ನ ಹಳೇಬೀಡಿನ ಹತ್ತಿರ ನಮ್ಮ ಗ್ಯಾಂಗಿನ ರಂಗ ಟೆಲಿಗ್ರಾಫ್ ಕಂಬದಿಂದ ಜಾರಿ ಬಿದ್ದು ಕಾಲು ಮುರಿದುಕೊಂಡ. ಕಂಬವನ್ನು ತಬ್ಬಿಕೊಂಡಿದ್ದರೆ ಉಳಿಯುತ್ತಿದ್ದ. ಆದರೆ ಎಳೆಯುತ್ತಿದ್ದ ತಂತಿಯನ್ನು ಕೈಬಿಡಲಿಲ್ಲ. ತಂತಿ ನುಲಿದು ಹಾಳಾದರೆ ಅದರ ಬೆಲೆಯನ್ನು ನಮ್ಮ ಕೂಲಿಯಲ್ಲೇ ಹಿಡಿಯುತ್ತಾರೆ.

"ತಂತಿ ನೆಟ್ಟಗೈತಾ ಮೇಸ್ತ್ರಣ್ಣ?" ಎಂದು ಬಿದ್ದಲ್ಲಿಂದಲೇ ನನ್ನನ್ನು ಕೇಳಿದ.

ಗುತ್ತಿಗೆದಾರರು ಬಂದರು. ಅವರೂ ಮೊದಲು ತಂತಿಯನ್ನೇ ನೋಡಿದರು. ಆಮೇಲೆ, "ಇವನಿಗೆ ಅರ್ಧ ದಿನದ ಕೂಲಿ ಸಾಕು" ಎಂದರು.

"ಕೆಲ್ಸ ಮಾಡ್ತಾ ಮಾಡ್ತಾನೇ ಬಿದ್ದಿದ್ದು ಸ್ವಾಮಿ" ಎಂದೆ ನಾನು.

"ಬಿದ್ದ ಮೇಲೆ ಮಾಡ್ಲಿಲ್ವಲ್ಲಯ್ಯ."

ಕಣಕಟ್ಟೆಯಲ್ಲಿರುವ ರಂಗನ ಹೆಂಡತಿಗೆ ತಿಳಿಸಬೇಕಿತ್ತು. ಆ ಅರ್ಧ ಕೂಲಿ ಒಂದು ಟೆಲಿಗ್ರಾಂ ಕೊಡಲೂ ಸಾಲದು. ತಂತಿ ಎಳೆದವನ ಸುದ್ದಿ ಈಗ ಅದೇ ತಂತಿಯ ಕೆಳಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದೆ.